ಕುಲುಮೆಗೆ ಬೇಕಾದ ಮೂರನೆಯ ಕೈ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯನ್ನು ಏರಿದವರು ಭಾಷೆ, ಸಾಹಿತ್ಯ, ಸಂಸ್ಕೃತಿಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆ ವಿಷಯಗಳನ್ನು ನನಗಿಂತ ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ಆದುದರಿಂದ ಈ ದಿನ ವಾಡಿಕೆಯನ್ನು ತುಸು ಬದಿಗಿರಿಸಿ, ಮುರಿದುಹೋದ ಒಂದು ಸೈಕಲ್ಲಿನ ವಿಚಾರವನ್ನು ತಮ್ಮ ಮುಂದಿಡಲು ಅನುಮತಿ ಬೇಡುತ್ತೇನೆ. ವಿಷಯ ಅಲ್ಪವೆಂದು ಮೊದಲಿಗೆ ತೋರಬಹುದು. ಆದರೆ ಅಲ್ಪ ವಸ್ತುವೊಂದು ಮುರಿದಾಗಲೇ ಮನುಷ್ಯನ ಸ್ವಭಾವ ಬಯಲಾಗುವುದುಂಟು.

ಸೈಕಲ್ಲು ನಮಗೆ ಅಪರಿಚಿತವಾದುದಲ್ಲ. ಚೈನಿನ ಎಣ್ಣೆ ಕೈಗೆ ಅಂಟದವರು ಈ ಸಭೆಯಲ್ಲಿ ವಿರಳ. ಶಾಲೆಗೆ ಹೊರಟ ಹುಡುಗನ ಚೈನು ಕಳಚುತ್ತದೆ. ಸಂತೆಯಿಂದ ಮೂಟೆ ಹೇರಿಕೊಂಡು ಬರುವವನ ಟಯರಿಗೆ ಮುಳ್ಳು ಚುಚ್ಚುತ್ತದೆ. ಇಳಿಜಾರಿನಲ್ಲಿ ಬ್ರೇಕು ಕೈಕೊಡುತ್ತದೆ. ಈ ಸಂಕಟಗಳಿಗೆಲ್ಲ ಒಂದು ಸಮಾನ ಗುಣವಿದೆ. ಸೈಕಲ್ ಅಂಗಡಿಯ ಮುಂದೆ ಅವು ಸಂಭವಿಸುವುದೇ ಇಲ್ಲ. ಹಿಂದಿನ ಊರು ಮರೆಯಾಗಿ ಮುಂದಿನ ಊರು ಇನ್ನೂ ಕಾಣದಿರುವ ಕಡೆಯಲ್ಲಿಯೇ ಅವು ಬಂದು ಕಾಡುತ್ತವೆ. ಅದುವರೆಗೆ ನಮ್ಮನ್ನು ಹೊತ್ತ ವಾಹನವನ್ನು ಅಲ್ಲಿಂದ ಮುಂದೆ ನಾವು ಹೊರಬೇಕಾಗುತ್ತದೆ.

ಇಂಥದೊಂದು ಘಟನೆ ೧೯೧೩ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಫ್ರಾನ್ಸ್ ದೇಶದ ಪಿರನೀಸ್ ಪರ್ವತಗಳಲ್ಲಿ ನಡೆಯಿತು. ಸೈಕಲ್ ಪಂದ್ಯಗಳ ಚರಿತ್ರೆಯಲ್ಲಿ ಗೆಲುವಿನ ಕಥೆಗಳು ನೂರಾರು ಇವೆ. ಆದರೂ ಆ ಚರಿತ್ರೆಯನ್ನು ಬಲ್ಲವರು ಮತ್ತೆ ಮತ್ತೆ ನೆನೆಯುವುದು ಈ ಸೋಲಿನ ಕಥೆಯನ್ನು. ಅದು ಏಕೆಂಬುದನ್ನು ವಿಚಾರಿಸುವುದೇ ನನ್ನ ಇಂದಿನ ಉದ್ದೇಶ.

ಮೊದಲು ಪಂದ್ಯದ ಸ್ವರೂಪವನ್ನು ನಾಲ್ಕು ಮಾತುಗಳಲ್ಲಿ ಹೇಳಬೇಕು. ‘ಟೂರ್ ದ ಫ್ರಾನ್ಸ್’ ಎಂದರೆ ಫ್ರಾನ್ಸ್ ದೇಶದ ಸುತ್ತು. ‘ಲೋತೋ’ ಎಂಬ ಕ್ರೀಡಾ ಪತ್ರಿಕೆ ತನ್ನ ಮಾರಾಟವನ್ನು ಹೆಚ್ಚಿಸಿಕೊಳ್ಳುವ ಸಲುವಾಗಿ ೧೯೦೩ರಲ್ಲಿ ಇದನ್ನು ಪ್ರಾರಂಭಿಸಿತು. ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್ ತಾನೂ ಹಿಂದೆ ಸೈಕಲ್ ಪಟುವಾಗಿದ್ದವನು; ಶಿಸ್ತಿನ ವಿಚಾರದಲ್ಲಿ ಬಹು ಕಠಿಣ. ಮೊದಲ ವರ್ಷ ಆರು ಹಂತಗಳಿದ್ದ ಪಂದ್ಯ ಬರಬರುತ್ತ ಬೆಳೆಯಿತು. ೧೯೧೦ರಲ್ಲಿ ಅದು ಪಿರನೀಸ್ ಪರ್ವತಗಳ ಎತ್ತರದ ಕಣಿವೆದಾರಿಗಳನ್ನು ಹತ್ತಿತು. ಅವುಗಳಲ್ಲಿ ತೂರ್ಮಾಲೆ ಎಂಬುದು ೨,೧೧೫ ಮೀಟರ್ ಎತ್ತರದ್ದು. ಆ ಕಾಲದಲ್ಲಿ ಅಲ್ಲಿ ಇದ್ದುದು ಕಲ್ಲುಮಣ್ಣಿನ ಒರಟು ಹಾದಿ.

ಸವಾರರ ಸಾಧನಗಳೂ ಆಗ ಸರಳವಾಗಿದ್ದುವು. ಓಡುತ್ತಿರುವಾಗಲೇ ಗೇರು ಬದಲಿಸುವ ಸಲಕರಣೆಗೆ ಈ ಪಂದ್ಯದಲ್ಲಿ ಅನುಮತಿ ದೊರೆತದ್ದು ೧೯೩೭ರಲ್ಲಿ. ಅದಕ್ಕೆ ಮುನ್ನ ಹಿಂಬದಿಯ ಚಕ್ರದ ಎರಡು ಪಕ್ಕಗಳಲ್ಲಿ ಬೇರೆ ಬೇರೆ ಅಳತೆಯ ಹಲ್ಲಿನ ಬಿಲ್ಲೆಗಳಿರುತ್ತಿದ್ದುವು. ಏರು ಬಂದಾಗ ಸವಾರನು ಕೆಳಗಿಳಿದು, ಚಕ್ರವನ್ನು ಕಳಚಿ, ತಿರುಗಿಸಿ ಜೋಡಿಸಿಕೊಂಡು ಮತ್ತೆ ಹತ್ತುವನು. ಹೆಚ್ಚಿನ ಟಯರುಗಳನ್ನು ಹೆಗಲಿನಿಂದ ಕಂಕುಳಿಗೆ ಬರುವಂತೆ ಮೈಗೆ ಸುತ್ತಿಕೊಂಡಿರುವನು. ಹಿಂದಿನಿಂದ ಸಹಾಯದ ಮೋಟಾರು ಬರುವುದಿಲ್ಲ; ಬದಲಿ ಸೈಕಲ್ ದೊರೆಯುವುದಿಲ್ಲ. ನಿಯಮ ಸ್ಪಷ್ಟವಾಗಿತ್ತು: ದಾರಿಯಲ್ಲಿ ಏನು ಮುರಿದರೂ ಸವಾರನು ಅನ್ಯರ ನೆರವಿಲ್ಲದೆ ತಾನೇ ದುರಸ್ತಿ ಮಾಡಿಕೊಳ್ಳಬೇಕು. ತಪ್ಪಿದರೆ ದಂಡ. ಪೂರ್ಣ ಸ್ವಾವಲಂಬಿಯಾದ ಮನುಷ್ಯನೇ ನಿಜವಾದ ಕ್ರೀಡಾಪಟು ಎಂಬುದು ದೆಗ್ರಾಂಜನ ಆದರ್ಶ.

ಈ ನಿಯಮದ ಕೈಗೆ ಸಿಕ್ಕಿದವನು ಯೂಜೆನ್ ಕ್ರಿಸ್ತೋಫ್. ಇವನು ೧೮೮೫ರಲ್ಲಿ ಪ್ಯಾರಿಸ್ ನಗರದ ಅಂಚಿನ ಮಲಕೋಫ್ ಎಂಬಲ್ಲಿ ಜನಿಸಿದನು. ಸೈಕಲ್ ಪಂದ್ಯಗಳೇ ಜೀವನೋಪಾಯವಾಗುವ ಮೊದಲು ಅವನು ಬೀಗ ಮಾಡುವ ಕಸುಬಿನವನಾಗಿದ್ದನು. ಅರ, ಸುತ್ತಿಗೆ, ಇಕ್ಕಳಗಳು ಅವನ ಕೈಗೆ ಹೊಸವಲ್ಲ. ಈ ಸಂಗತಿಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ; ಮುಂದೆ ಇದರಿಂದ ಪ್ರಯೋಜನವಿದೆ. ೧೯೧೦ರಲ್ಲಿ ಇಟಲಿಯ ಮಿಲಾನ್–ಸಾನ್ ರೆಮೋ ಪಂದ್ಯವನ್ನು ಭೀಕರ ಹಿಮಪಾತದ ನಡುವೆ ಹನ್ನೆರಡು ಗಂಟೆಗಳಿಗೂ ಮೀರಿ ಸವಾರಿ ಮಾಡಿ ಗೆದ್ದವನು ಇವನೇ. ೧೯೧೨ರ ಫ್ರಾನ್ಸ್ ಸುತ್ತಿನಲ್ಲಿ ಇವನಿಗೆ ಎರಡನೆಯ ಸ್ಥಾನ ದೊರೆತಿತ್ತು. ಮರುವರ್ಷ ಗೆಲುವು ಇವನದೇ ಎಂದು ಹಲವರು ನಂಬಿದ್ದರು.

೧೯೧೩ರ ಪಂದ್ಯದಲ್ಲಿ ಹೊರಟವರು ೧೪೦ ಮಂದಿ. ಜುಲೈ ೯ರಂದು ಆರನೆಯ ಹಂತ: ಬಯೋನ್ ಪಟ್ಟಣದಿಂದ ಲ್ಯೂಶೋನ್ ಪಟ್ಟಣಕ್ಕೆ ೩೨೬ ಕಿಲೋಮೀಟರ್, ಹಲವು ಪರ್ವತಗಳ ಮೇಲಿನಿಂದ. ಕತ್ತಲಿರುವಾಗಲೇ ಸವಾರರು ಹೊರಟರು. ಆ ಬೆಳಿಗ್ಗೆ ಕ್ರಿಸ್ತೋಫನು ಒಟ್ಟು ಲೆಕ್ಕದಲ್ಲಿ ಎರಡನೆಯವನಾಗಿದ್ದನು. ಮೊದಲಿಗನಾದ ಓದೀಲ್ ದಫ್ರೇಗೂ ಅವನಿಗೂ ನಡುವೆ ಐದು ನಿಮಿಷಗಳಷ್ಟೂ ಅಂತರವಿರಲಿಲ್ಲ. ಆ ದಿನವೇ ದಫ್ರೇ ಸೋತು ಪಂದ್ಯವನ್ನು ಬಿಟ್ಟನು. ತೂರ್ಮಾಲೆಯ ನೆತ್ತಿಯನ್ನು ಬೆಲ್ಜಿಯಮ್ಮಿನ ಫಿಲಿಪ್ ತೀಸ್ ಮುಂದಾಗಿ ದಾಟಿದನು. ಅವನ ಹಿಂದೆಯೇ ಕ್ರಿಸ್ತೋಫ್. ಆದರೆ ಅದುವರೆಗಿನ ಎಲ್ಲ ಹಂತಗಳ ಕಾಲವನ್ನು ಕೂಡಿಸಿದರೆ ಈಗ ಎಲ್ಲರಿಗಿಂತಲೂ ಮುಂದಿದ್ದವನು ಕ್ರಿಸ್ತೋಫನೇ. ಉಳಿದಿದ್ದುದು ಇಳಿಜಾರು.

ಆ ಇಳಿಜಾರಿನಲ್ಲಿ ಅವನ ಸೈಕಲ್ಲಿನ ಫೋರ್ಕು ಮುರಿಯಿತು. ಫೋರ್ಕೆಂದರೆ ಹ್ಯಾಂಡಲ್ಲಿನ ಕೆಳಗೆ ಮುಂದಿನ ಚಕ್ರವನ್ನು ಎರಡೂ ಪಕ್ಕಗಳಿಂದ ಹಿಡಿದುಕೊಂಡಿರುವ ಕವೆ. ಚೈನು ತುಂಡಾದರೆ ನೂಕಿಕೊಂಡಾದರೂ ಹೋಗಬಹುದು. ಟಯರು ಹರಿದರೆ ಬೇರೊಂದನ್ನು ತೊಡಿಸಬಹುದು. ಫೋರ್ಕು ಮುರಿದ ಸೈಕಲ್ಲನ್ನು ಹತ್ತುವಂತೆಯೂ ಇಲ್ಲ, ನೂಕುವಂತೆಯೂ ಇಲ್ಲ. ವೇಗವಾಗಿ ಇಳಿಯುತ್ತಿದ್ದ ಮನುಷ್ಯ ಬದುಕಿ ಉಳಿದದ್ದೇ ಪುಣ್ಯ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಉಕ್ಕಿನ ಕೊಳವೆ ಹೀಗೆ ಏಕಾಏಕಿ ಏಕೆ ಮುರಿಯಬೇಕು? ಲೋಹಕ್ಕೂ ಬಳಲಿಕೆಯುಂಟು ಎಂಬುದೇ ಇದಕ್ಕೆ ಉತ್ತರ. ತಂತಿಯೊಂದನ್ನು ಒಮ್ಮೆ ಬಗ್ಗಿಸಿದರೆ ಅದು ತುಂಡಾಗುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಗ್ಗಿಸಿದರೆ ತುಂಡಾಗುತ್ತದೆ. ಜರ್ಮನಿಯ ಔಗುಸ್ಟ್ ವೋಲರ್ ಎಂಬ ಎಂಜಿನಿಯರು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ರೈಲುಗಾಡಿಗಳ ಅಚ್ಚುಗಳು ಮುರಿಯುವುದನ್ನು ಪರೀಕ್ಷಿಸಿ ಈ ತತ್ತ್ವವನ್ನು ವಿಶದಪಡಿಸಿದನು. ಒಂದೇ ಸಲಕ್ಕೆ ಮುರಿಯಲಾರದಷ್ಟು ಸಣ್ಣ ಭಾರವಾದರೂ ಲಕ್ಷಾಂತರ ಸಲ ಬಿದ್ದರೆ ಒಳಗೆ ಕೂದಲೆಳೆಯಂಥ ಬಿರುಕು ಹುಟ್ಟಿ, ದಿನೇ ದಿನೇ ಬೆಳೆದು, ಕೊನೆಗೊಮ್ಮೆ ಲೋಹವನ್ನು ಸೀಳಿಬಿಡುತ್ತದೆ. ಸೈಕಲ್ಲಿನಲ್ಲಿ ಇಂಥ ಪೆಟ್ಟು ಹೆಚ್ಚಾಗಿ ಬೀಳುವ ಅಂಗಗಳಲ್ಲಿ ಫೋರ್ಕು ಒಂದು. ದಾರಿಯ ಪ್ರತಿಯೊಂದು ಕಲ್ಲೂ ಮೊದಲು ಮುಟ್ಟುವುದು ಮುಂದಿನ ಚಕ್ರವನ್ನು. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಸವಾರನ ಭಾರವೆಲ್ಲ ಮುಂದಕ್ಕೆ ವಾಲಿ ಅದರ ಮೇಲೆಯೇ ಕೂಡುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವುದರಿಂದ ಒಳಗಿನ ಬಿರುಕು ಕಣ್ಣಿಗೆ ಬೀಳದೆ ಉಳಿಯುವುದೂ ಉಂಟು. ಆದುದರಿಂದ ಗಾಡಿಯ ಅಂಗಗಳನ್ನು ಆಗಾಗ ಒರೆಸಿ ನೋಡಬೇಕೆಂದು ಸೈಕಲ್ ಅಂಗಡಿಯವರು ಹೇಳುವ ಮಾತು ಬರಿಯ ವ್ಯಾಪಾರದ ಮಾತಲ್ಲ.

ಮತ್ತೆ ಪರ್ವತಕ್ಕೆ ಬರೋಣ. ಕ್ರಿಸ್ತೋಫನು ದಾರಿಯ ಬದಿಯಲ್ಲಿ ಕುಳಿತು ಗೋಳಾಡಲಿಲ್ಲ. ಮುರಿದ ಸೈಕಲ್ಲನ್ನು ಹೆಗಲಿಗೇರಿಸಿ ಕಾಲುದಾರಿಗಳನ್ನು ಹಿಡಿದು ಕೆಳಗೆ ನಡೆದನು. ಹಿಂದೆ ಬಿದ್ದಿದ್ದವರೆಲ್ಲ ಒಬ್ಬೊಬ್ಬರಾಗಿ ಅವನನ್ನು ದಾಟಿಹೋದರು. ಕೆಳಗಿನ ಹಳ್ಳಿಯ ಹೆಸರು ಸೇಂತ್-ಮಾರಿ-ದ-ಕಾಂಪಾನ್. ಅಲ್ಲಿಗೆ ಹತ್ತು ಕಿಲೋಮೀಟರಿಗೂ ಕಡಿಮೆಯಿಲ್ಲದ ದೂರ. ನಡೆದು ಸೇರಲು ಎರಡು ಗಂಟೆಗಳಷ್ಟು ಹಿಡಿಯಿತು. ಊರಿನ ಹುಡುಗಿಯೊಬ್ಬಳು ಅವನನ್ನು ಕಮ್ಮಾರನ ಮನೆಗೆ ಕರೆದೊಯ್ದಳು. ಕಮ್ಮಾರನ ಹೆಸರು ಲಕೋಂತ್. ಅವನು ಬಂದವನ ಅವಸ್ಥೆಯನ್ನು ಕಂಡು, ತಾನೇ ಬೆಸುಗೆ ಹಾಕಿಕೊಡುವುದಾಗಿ ಮುಂದೆ ಬಂದನು. ಎಲ್ಲಿಯ ಸಜ್ಜನನಾದರೂ ಹಾಗೆಯೇ ಮಾಡುತ್ತಿದ್ದನು. ಆದರೆ ಪಂದ್ಯದ ಅಧಿಕಾರಿಗಳು ಅಲ್ಲಿಯೇ ನಿಂತಿದ್ದರು. ಕಮ್ಮಾರನು ಕಬ್ಬಿಣವನ್ನು ಮುಟ್ಟುವಂತಿರಲಿಲ್ಲ.

ಅನಂತರ ನಡೆದುದು ವಿಚಿತ್ರ ದೃಶ್ಯ. ಕುಲುಮೆಯ ಒಡೆಯ ಬದಿಗೆ ನಿಂತು ಬಾಯಲ್ಲಿ ಹೇಳುವುದು. ದಣಿದು ಬಂದ ಅತಿಥಿ ಕೈಯಲ್ಲಿ ಮಾಡುವುದು. ಪರ್ವತಗಳನ್ನು ಹತ್ತಿಳಿದು ಕಾಲು ಸೋತಿದ್ದ ಮನುಷ್ಯನು ಕೊಳವೆಯನ್ನು ಕಾಯಿಸಿ, ಬಡಿದು, ಬೆಸೆದು, ಅರದಿಂದ ಉಜ್ಜಿ, ಅಳತೆಗೆ ತಂದು ಫೋರ್ಕನ್ನು ಮತ್ತೆ ಕೂಡಿಸಿದನು. ಈ ಕೆಲಸಕ್ಕೆ ಸುಮಾರು ಮೂರು ಗಂಟೆಗಳು ಬೇಕಾದುವು. ಹುಡುಗನಾಗಿದ್ದಾಗ ಬೀಗದ ಕಸುಬಿನಲ್ಲಿ ಪಳಗಿದ ಕೈ ಇಲ್ಲಿ ಒದಗಿಬಂದಿತು. ಆ ವಿದ್ಯೆ ಇಲ್ಲದಿದ್ದರೆ ಕಮ್ಮಾರನ ಬಾಯಿಮಾತು ಎಷ್ಟಿದ್ದರೂ ವ್ಯರ್ಥವೇ ಆಗುತ್ತಿತ್ತು.

ನಮ್ಮ ಹಳ್ಳಿಗಳ ಕುಲುಮೆಯನ್ನು ಕಂಡ ಹಿರಿಯರಿಗೆ ಇಲ್ಲಿರುವ ತೊಡಕು ಒಡನೆಯೇ ತಿಳಿಯುತ್ತದೆ. ಕಬ್ಬಿಣ ಕಾದಾಗಲೇ ಬಡಿಯಬೇಕು. ಆರಿತೆಂದರೆ ಬೆಸುಗೆ ಕೂಡದು. ಕಾಯಬೇಕಾದರೆ ಕೆಂಡಕ್ಕೆ ಬಿಡದೆ ಗಾಳಿ ಸಿಗಬೇಕು. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಸುತ್ತಿಗೆ. ತಿದಿಯನ್ನು ಒತ್ತುವವರು ಯಾರು? ನಮ್ಮ ಕಡೆಯ ಕಮ್ಮಾರನ ಮನೆಯಲ್ಲಿ ಅವನ ಹೆಂಡತಿಯೋ ಮಗನೋ ತಿದಿಯ ಬಳಿ ಕೂಡುವರು. ಕುಲುಮೆಯ ಕೆಲಸ ಮೊದಲಿನಿಂದಲೂ ಒಬ್ಬಂಟಿಯ ಕೆಲಸವಲ್ಲ. ಅದಕ್ಕೆ ಮೂರನೆಯ ಕೈ ಬೇಕು. ಎರಡು ಕೈಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡ ನಿಯಮವು ಕುಲುಮೆಯ ಬಾಗಿಲನ್ನು ಎಂದೂ ಹೊಕ್ಕು ನೋಡಿದುದಲ್ಲ.

ಕ್ರಿಸ್ತೋಫನು ಬೇರೆ ದಾರಿ ಕಾಣದೆ ಅಲ್ಲಿದ್ದ ಒಬ್ಬ ಬಾಲಕನಿಗೆ ತಿದಿ ಒತ್ತಲು ಹೇಳಿದನು. ಬಾಲಕನು ಒತ್ತಿದನು. ಬೆಂಕಿ ಎದ್ದಿತು, ಕಬ್ಬಿಣ ಕಾದಿತು, ಫೋರ್ಕು ಕೂಡಿತು. ಅಧಿಕಾರಿಗಳು ಅದನ್ನೂ ಬರೆದುಕೊಂಡರು. ಅನ್ಯರ ನೆರವು ಪಡೆದ ಅಪರಾಧಕ್ಕಾಗಿ ಹತ್ತು ನಿಮಿಷಗಳ ದಂಡ ಬಿದ್ದಿತು; ಅನಂತರ ಅದನ್ನು ಮೂರಕ್ಕೆ ಇಳಿಸಿದರೆಂದು ಪ್ರತೀತಿ. ನಾಲ್ಕು ಗಂಟೆಗಳಷ್ಟು ಕಾಲವನ್ನೇ ಕಳೆದುಕೊಂಡವನಿಗೆ ಮೂರು ನಿಮಿಷವೇನು, ಹತ್ತು ನಿಮಿಷವೇನು? ಪೆಟ್ಟು ಬಿದ್ದುದು ಲೆಕ್ಕಕ್ಕಲ್ಲ, ನ್ಯಾಯಕ್ಕೆ.

ಸೈಕಲ್ಲು ಸಿದ್ಧವಾದ ಮೇಲೆ ಅವನು ಅಲ್ಲಿಗೆ ಮುಗಿಸಬಹುದಾಗಿತ್ತು. ಗೆಲ್ಲುವ ಆಸೆ ಉಳಿದಿರಲಿಲ್ಲ. ಮುಂದೆ ಆಸ್ಪೆನ್ ಮತ್ತು ಪೆರಸೂರ್ದ್ ಎಂಬ ಇನ್ನೆರಡು ಪರ್ವತಗಳಿದ್ದುವು. ಆತನು ಹತ್ತಿ ಹೊರಟನು. ತನ್ನ ಕೈಯಿಂದಲೇ ಬೆಸೆದ ಫೋರ್ಕನ್ನು ನಂಬಿಕೊಂಡು ಎರಡನ್ನೂ ಏರಿಳಿದು ಲ್ಯೂಶೋನನ್ನು ಸೇರಿದನು. ಮರುದಿನಗಳಲ್ಲಿಯೂ ಬಿಡದೆ ಸವಾರಿ ಮಾಡಿ ಪ್ಯಾರಿಸನ್ನು ಮುಟ್ಟಿದನು. ಹೊರಟ ೧೪೦ ಮಂದಿಯಲ್ಲಿ ಪಂದ್ಯವನ್ನು ಮುಗಿಸಿದವರು ೨೫. ಅವರಲ್ಲಿ ಕ್ರಿಸ್ತೋಫನು ಏಳನೆಯವನು. ಗೆದ್ದವನು ಫಿಲಿಪ್ ತೀಸ್. ಆತನೂ ಸಾಮಾನ್ಯನಲ್ಲ, ೧೯೧೪ರಲ್ಲಿ ಮತ್ತು ೧೯೨೦ರಲ್ಲಿ ಮತ್ತೆ ಗೆದ್ದು, ಈ ಪಂದ್ಯವನ್ನು ಮೂರು ಸಲ ಗೆದ್ದವರಲ್ಲಿ ಮೊದಲಿಗನಾದನು.

ವಿಧಿಯ ಆಟ ಇಷ್ಟಕ್ಕೇ ನಿಲ್ಲಲಿಲ್ಲ. ಮಧ್ಯೆ ಮಹಾಯುದ್ಧ ಬಂದು ನಾಲ್ಕು ವರ್ಷ ಪಂದ್ಯ ನಿಂತಿತು. ೧೯೧೯ರಲ್ಲಿ ಅದು ಮತ್ತೆ ಪ್ರಾರಂಭವಾದಾಗ ಉತ್ತರ ಫ್ರಾನ್ಸಿನ ರಸ್ತೆಗಳು ತೋಪುಗಳ ಪೆಟ್ಟಿನಿಂದ ಹಾಳಾಗಿದ್ದುವು; ಸವಾರರಿಗೆ ಒಳ್ಳೆಯ ಟಯರುಗಳೂ ಸಿಗದ ಕಾಲ. ಕ್ರಿಸ್ತೋಫನಿಗೆ ಆಗ ೩೪ ವರ್ಷ. ಆ ವರ್ಷವೇ ಪಂದ್ಯದಲ್ಲಿ ಮುಂದಿರುವವನನ್ನು ಜನರು ದೂರದಿಂದಲೇ ಗುರುತಿಸಲೆಂದು ಹಳದಿ ಅಂಗಿಯನ್ನು ತೊಡಿಸುವ ಪದ್ಧತಿ ಬಂದಿತು. ‘ಲೋತೋ’ ಪತ್ರಿಕೆ ಹಳದಿ ಕಾಗದದ ಮೇಲೆ ಅಚ್ಚಾಗುತ್ತಿದ್ದುದರಿಂದ ಆ ಬಣ್ಣ. ಜುಲೈ ೧೯ರಂದು ಗ್ರೆನೋಬ್ಲ್ ಪಟ್ಟಣದಲ್ಲಿ ಆ ಅಂಗಿಯನ್ನು ತೊಟ್ಟವನು ಕ್ರಿಸ್ತೋಫ್. ಇಂದು ಲೋಕವೆಲ್ಲ ಬಲ್ಲ ಹಳದಿ ಅಂಗಿಯ ಚರಿತ್ರೆ ಅವನ ಮೈಮೇಲಿನಿಂದಲೇ ಮೊದಲಾಗುತ್ತದೆ.

ಕೊನೆಯ ಹಂತಕ್ಕೆ ಹಿಂದಿನ ಹಂತ ಮೆಟ್ಸ್ ಪಟ್ಟಣದಿಂದ ಡಂಕರ್ಕಿಗೆ, ೪೬೮ ಕಿಲೋಮೀಟರ್. ಎರಡನೆಯವನಾದ ಫಿರ್ಮೆಂ ಲಾಂಬೋ ೨೮ ನಿಮಿಷಗಳಷ್ಟು ಹಿಂದಿದ್ದನು. ಗೆಲುವು ಕೈಗೆ ಬಂದಂತೆಯೇ ಇತ್ತು. ವಾಲಾನ್ಸಿಯೆನ್ ಪಟ್ಟಣದ ಬಳಿ ಕಲ್ಲು ಹಾಸಿದ ರಸ್ತೆಯಲ್ಲಿ ಮತ್ತೆ ಫೋರ್ಕು ಮುರಿಯಿತು. ಹತ್ತಿರದ ಕಾರ್ಖಾನೆಯೊಂದರಲ್ಲಿ ಮತ್ತೆ ತಾನೇ ಬೆಸೆದುಕೊಂಡನು. ಒಂದು ಗಂಟೆಗೂ ಹೆಚ್ಚಿನ ಕಾಲ ಕಳೆದುಹೋಯಿತು. ಪಂದ್ಯವನ್ನು ಲಾಂಬೋ ಗೆದ್ದನು. ಕ್ರಿಸ್ತೋಫನಿಗೆ ಮೂರನೆಯ ಸ್ಥಾನ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮವರು ಹೇಳುತ್ತಾರೆ; ಇವನ ಕೈ ಎರಡು ಸಲ ಮಸಿಯಾಯಿತು, ಬಾಯಿಗೆ ಮೊಸರು ಬರಲಿಲ್ಲ. ೧೯೨೨ರಲ್ಲಿ, ೩೭ನೆಯ ವಯಸ್ಸಿನಲ್ಲಿ, ಆಲ್ಪ್ಸ್ ಪರ್ವತಗಳ ಗಾಲಿಬಿಯೇ ಇಳಿಜಾರಿನಲ್ಲಿ ಮೂರನೆಯ ಸಲವೂ ಅವನ ಫೋರ್ಕು ಮುರಿಯಿತು. ಫ್ರಾನ್ಸಿನ ಸುತ್ತನ್ನು ಗೆಲ್ಲುವ ಭಾಗ್ಯ ಅವನಿಗೆ ಎಂದೂ ಬರಲಿಲ್ಲ. ೧೯೭೦ರಲ್ಲಿ, ೮೫ ವರ್ಷ ತುಂಬಿದ ಮೇಲೆ ತೀರಿಕೊಂಡನು.

ಆದರೆ ೧೯೧೯ರಲ್ಲಿ ಒಂದು ಅಪೂರ್ವ ಸಂಗತಿ ನಡೆಯಿತು. ಅದನ್ನು ಹೇಳದಿದ್ದರೆ ಈ ಕಥೆ ಅರ್ಧವಾಗುತ್ತದೆ. ಅವನ ದುರದೃಷ್ಟದ ಸುದ್ದಿ ಹಬ್ಬಿದೊಡನೆ ಸಾಮಾನ್ಯ ಜನರು ತಮ್ಮ ಜೇಬಿನಿಂದ ಹಣ ಕಳುಹಿಸತೊಡಗಿದರು. ಕಳುಹಿಸಿದವರ ಹೆಸರುಗಳನ್ನು ‘ಲೋತೋ’ ಪತ್ರಿಕೆ ಪಟ್ಟಿಯ ಮೇಲೆ ಪಟ್ಟಿಯಾಗಿ ಅಚ್ಚುಮಾಡಿತು. ಕೂಡಿದ ಮೊತ್ತ ೧೩,೦೦೦ ಫ್ರಾಂಕುಗಳಿಗೂ ಮಿಕ್ಕಿತು. ಯುದ್ಧದಿಂದ ಬೆಂದು ಬಡವಾಗಿದ್ದ ದೇಶ ಅದು. ತಿದಿ ಒತ್ತಿದ ಬಾಲಕನ ಕೈಯನ್ನು ಅಪರಾಧವೆಂದು ಬರೆದುಕೊಂಡ ಪಂದ್ಯಕ್ಕೆ ಜನರು ಕೊಟ್ಟ ಉತ್ತರವೆಂದೇ ನಾನು ಇದನ್ನು ಎಣಿಸುತ್ತೇನೆ. ನಿಯಮವು ಒಂದು ಕೈಯನ್ನು ನಿಷೇಧಿಸಿತು. ಸಾವಿರಾರು ಕೈಗಳು ಮುಂದೆ ಬಂದುವು.

ನಿಯಮದ ಕಾಠಿಣ್ಯ ಕ್ರಿಸ್ತೋಫನೊಬ್ಬನನ್ನೇ ಕಾಡಿದುದಲ್ಲ. ಗೆದ್ದ ತೀಸನಿಗೂ ೧೯೧೪ರಲ್ಲಿ ಅನುಮತಿಯಿಲ್ಲದೆ ಚಕ್ರ ಬದಲಾಯಿಸಿದುದಕ್ಕಾಗಿ ೩೦ ನಿಮಿಷಗಳ ದಂಡ ಬಿದ್ದಿತು. ಆದರೂ ಎರಡು ನಿಮಿಷಗಳಿಗೂ ಕಡಿಮೆ ಅಂತರದಲ್ಲಿ ಅವನು ಗೆಲುವನ್ನು ಉಳಿಸಿಕೊಂಡನು. ೧೯೨೧ರಲ್ಲಿ ಗೆದ್ದ ಲಿಯೋನ್ ಸಿಯರ್ ಎಂಬವನ ಕಥೆ ಇನ್ನೂ ಸೋಜಿಗದ್ದು. ಅವನ ಚಕ್ರದ ಹನ್ನೊಂದು ಕಡ್ಡಿಗಳು ಒಮ್ಮೆಗೇ ಮುರಿದುವು. ಬೇರೆ ಚಕ್ರವನ್ನು ಹಾಕಿಕೊಳ್ಳಬೇಕಾದರೆ ಹಳೆಯದು ದುರಸ್ತಿಗೆ ಮೀರಿದುದೆಂದು ತೋರಿಸಬೇಕು. ಅದನ್ನು ನೋಡಿ ಸಾಕ್ಷಿ ಹೇಳುವ ಅಧಿಕಾರಿ ಅಲ್ಲಿ ಇರಲಿಲ್ಲ. ಸಿಯರನು ಮುರಿದ ಚಕ್ರವನ್ನು ಬೆನ್ನಿಗೆ ಕಟ್ಟಿಕೊಂಡು ಸುಮಾರು ೩೦೦ ಕಿಲೋಮೀಟರ್ ಸವಾರಿ ಮಾಡಿದನು. ಅದರ ಹಲ್ಲುಗಳು ಬೆನ್ನಿನಲ್ಲಿ ಊರಿ ಮಾಡಿದ ಗಾಯದ ಗುರುತು ವರ್ಷಗಳ ಕಾಲ ಮಾಯಲಿಲ್ಲವಂತೆ.

ಕಾಲಕ್ರಮದಲ್ಲಿ ಈ ಕಟ್ಟಳೆಗಳು ಸಡಿಲವಾದುವು. ಇಂದು ಪ್ರತಿಯೊಂದು ತಂಡದ ಹಿಂದೆಯೂ ಹತ್ತಾರು ಚಕ್ರಗಳನ್ನೂ ಸೈಕಲ್ಲುಗಳನ್ನೂ ಹೊತ್ತ ಕಾರುಗಳು ಬರುತ್ತವೆ. ಚಕ್ರ ಕೆಟ್ಟರೆ ಕ್ಷಣಗಳಲ್ಲಿ ಬೇರೊಂದು ಚಕ್ರ ಸಿದ್ಧ. ಆದರೂ ಯಂತ್ರದ ಮೇಲೆ ಮನುಷ್ಯನಿಗೆ ಪೂರ್ಣ ಹಿಡಿತ ಬಂದಿತೆಂದು ಹೇಳಲಾಗದು. ೨೦೧೬ರ ಜುಲೈ ೧೪ರಂದು ಮೋಂ ವಾಂತೂ ಬೆಟ್ಟದಲ್ಲಿ, ಹಳದಿ ಅಂಗಿ ತೊಟ್ಟಿದ್ದ ಬ್ರಿಟನ್ನಿನ ಕ್ರಿಸ್ ಫ್ರೂಮ್ ಜನಸಂದಣಿಯಲ್ಲಿ ನಿಂತುಬಿಟ್ಟ ಮೋಟಾರು ಸೈಕಲ್ಲಿನಿಂದಾಗಿ ಉರುಳಿಬಿದ್ದನು. ಅವನ ಸೈಕಲ್ಲು ಮುರಿದು ನಿರುಪಯೋಗಿಯಾಯಿತು. ಸಹಾಯದ ಕಾರು ಜನರ ನಡುವೆ ಸಿಕ್ಕಿಕೊಂಡಿತ್ತು. ಅವನು ಸೈಕಲ್ಲನ್ನು ಬಿಟ್ಟು ಬೆಟ್ಟವನ್ನು ಓಡಿಯೇ ಹತ್ತತೊಡಗಿದ ದೃಶ್ಯವನ್ನು ಲೋಕವೆಲ್ಲ ನೋಡಿತು. ಆ ಸಂಜೆ ತೀರ್ಪುಗಾರರು ಕೂಡಿ, ಅವನು ಕಳೆದುಕೊಂಡ ಕಾಲವನ್ನು ಲೆಕ್ಕದಿಂದ ತೆಗೆದರು. ಆ ವರ್ಷ ಗೆದ್ದವನು ಅವನೇ. ೧೯೧೩ರ ತೀರ್ಪಿಗೂ ೨೦೧೬ರ ತೀರ್ಪಿಗೂ ನಡುವೆ ನೂರಕ್ಕೂ ಹೆಚ್ಚು ವರ್ಷಗಳು. ಮುರಿದುದು ಅಂದೂ ಸೈಕಲ್ಲೇ, ಇಂದೂ ಸೈಕಲ್ಲೇ. ಬದಲಾದುದು ನ್ಯಾಯದ ಕಣ್ಣು.

ಹಾಗೆಂದು ಹಳೆಯ ನಿಯಮದಲ್ಲಿ ಸತ್ತ್ವವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ತನ್ನ ವಾಹನವನ್ನು ತಾನೇ ಸರಿಪಡಿಸಿಕೊಳ್ಳಬಲ್ಲವನು ದಾರಿಯಲ್ಲಿ ದೀನನಾಗಿ ನಿಲ್ಲುವುದಿಲ್ಲ. ಕ್ರಿಸ್ತೋಫನ ಹೆಸರು ಇಂದಿಗೂ ಉಳಿದಿರುವುದಕ್ಕೆ ಅವನ ಕೈಗೆ ಬರುತ್ತಿದ್ದ ಆ ಕೆಲಸವೇ ಮೊದಲ ಕಾರಣ. ಮುರಿದುದನ್ನು ಅವನು ಹಣೆಬರಹವೆಂದು ಕಾಣಲಿಲ್ಲ. ಮಾಡಿ ಮುಗಿಸಬೇಕಾದ ಕೆಲಸವೆಂದು ಕಂಡನು. ಸೇಂತ್-ಮಾರಿ-ದ-ಕಾಂಪಾನಿನಲ್ಲಿ ಆ ಕುಲುಮೆಯಿದ್ದ ಕಟ್ಟಡದ ಗೋಡೆಗೆ ಅವನ ಸ್ಮಾರಕ ಫಲಕವಿದೆ. ಊರಿನಲ್ಲಿ ಅವನ ಪ್ರತಿಮೆಯೂ ಇದೆ. ಗೆದ್ದವರಿಗೆ ಊರೂರುಗಳಲ್ಲಿ ಸ್ಮಾರಕಗಳಿರುವುದು ಸಹಜ. ದುರಸ್ತಿ ಮಾಡಿದವನಿಗೆ ದುರಸ್ತಿ ಮಾಡಿದ ಸ್ಥಳದಲ್ಲಿಯೇ ಸ್ಮಾರಕವಿರುವುದು ಅಪೂರ್ವ.

ಆದರೆ ಆ ದಿನದ ಸ್ವಾವಲಂಬನೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಎಷ್ಟು ಜನರು ಸೇರಿದ್ದಾರೆ! ದಾರಿ ತೋರಿಸಿದವಳು ಒಬ್ಬ ಹುಡುಗಿ. ಕುಲುಮೆ, ಕೆಂಡ, ಕಬ್ಬಿಣ ಎಲ್ಲವೂ ಕಮ್ಮಾರನವು. ಮಾಡುವ ಕ್ರಮವನ್ನು ಹೇಳಿಕೊಟ್ಟವನೂ ಅವನೇ. ಎಷ್ಟೋ ವರ್ಷಗಳ ಹಿಂದೆ ಅರ ಹಿಡಿಯುವುದನ್ನು ಕಲಿಸಿದವರು ಬೇರೆ ಯಾರೋ. ಇಷ್ಟನ್ನೂ ನಿಯಮವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ; ತೆಗೆದುಕೊಳ್ಳಲು ಸಾಧ್ಯವೂ ಇರಲಿಲ್ಲ. ಕಣ್ಣಿಗೆ ಬಿದ್ದ ಬಾಲಕನ ಕೈಯನ್ನು ಮಾತ್ರ ಹಿಡಿದು ನಿಲ್ಲಿಸಿತು. ತನ್ನ ಕೆಲಸವನ್ನು ತಾನು ಕಲಿತಿರುವುದು ಸ್ವಾವಲಂಬನೆ. ಯಾರ ನೆರವೂ ತನಗೆ ಸೋಕಿಲ್ಲವೆಂದು ತಿಳಿಯುವುದು ಭ್ರಮೆ. ಈ ಎರಡನ್ನೂ ಬೇರ್ಪಡಿಸಿ ನೋಡುವ ವಿವೇಕ ಇಲ್ಲದಾಗ ಒಳ್ಳೆಯ ನಿಯಮವೂ ಕ್ರೂರವಾಗುತ್ತದೆ.

ಮಿತ್ರರೇ, ಗಡಿನಾಡಿನಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆತನಗಳಿಗೆ ಈ ಮಾತು ದೂರದ್ದೇನೂ ಅಲ್ಲ. ಮಗುವಿನ ಪರವಾಗಿ ಬೇರೆಯವರು ಅಕ್ಷರ ಕಲಿಯಲಾರರು. ಇಕ್ಕಳವನ್ನೂ ಸುತ್ತಿಗೆಯನ್ನೂ ಅದು ತನ್ನ ಕೈಯಲ್ಲಿಯೇ ಹಿಡಿಯಬೇಕು. ಪಾಠವನ್ನು ಅದೇ ಓದಬೇಕು, ಲೆಕ್ಕವನ್ನು ಅದೇ ಬಿಡಿಸಬೇಕು. ರಾಜ್ಯಭಾಷೆಯನ್ನೂ ಕಲಿತು ನಾಲ್ಕು ಜನರ ನಡುವೆ ತಲೆಯೆತ್ತಿ ನಿಲ್ಲಬೇಕು. ಆದರೆ ಕೆಂಡ ಆರದಂತೆ ತಿದಿ ಒತ್ತುವ ಕೆಲಸ ನಮ್ಮದು. ಸಂಜೆ ಮನೆಯಲ್ಲಿ ಮಗುವಿನ ಪಕ್ಕದಲ್ಲಿ ಕುಳಿತು ಅದು ಓದುವುದನ್ನು ಕೇಳುವ ತಾಯಿ, ಶಾಲೆಯ ವೇಳೆ ಮುಗಿದ ಮೇಲೂ ಉಳಿದು ಕಲಿಸುವ ಉಪಾಧ್ಯಾಯರು, ಓದಿ ಮುಗಿಸಿದ ಪುಸ್ತಕವನ್ನು ವಾಚನಾಲಯಕ್ಕೆ ತಂದುಕೊಡುವ ಗೃಹಸ್ಥರು, ಇವರೆಲ್ಲರೂ ತಿದಿಯ ಬಳಿ ಕುಳಿತವರೇ. ಅವರ ಹೆಸರನ್ನು ಯಾವ ಫಲಕದ ಮೇಲೂ ಕೆತ್ತುವುದಿಲ್ಲ. ಅವರ ಕೈ ನಿಂತರೆ ಮಾತ್ರ ಕಬ್ಬಿಣ ಆರುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಓದಿನ ಜೊತೆಗೆ ಕೈಕೆಲಸವೊಂದನ್ನು ಕಲಿತಿರಿ. ಬೀಗ ಮಾಡುವ ಕಸುಬು ಪರ್ವತದ ಕೆಳಗೆ ಪ್ರಯೋಜನಕ್ಕೆ ಬರುವುದೆಂದು ಮಲಕೋಫಿನ ಹುಡುಗ ಕನಸಿನಲ್ಲಿಯೂ ನೆನೆದಿರಲಿಲ್ಲ. ಇನ್ನು ದಾರಿಯ ಬದಿಯಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ನಿಂತವರನ್ನು ಕಂಡರೆ ಇಳಿದು ವಿಚಾರಿಸಿರಿ. ಅವರಿಗೆ ಬೇಕಾಗಿರುವುದು ಬಹಳವೇನೂ ಅಲ್ಲದಿರಬಹುದು. ಪಂಪು ಹೊಡೆಯುವಾಗ ಚಕ್ರವನ್ನು ಹಿಡಿದುಕೊಳ್ಳುವ ಒಂದು ಕೈ ಸಾಕಾಗಿರಬಹುದು. ಅದಕ್ಕೆ ದಂಡ ವಿಧಿಸುವ ಅಧಿಕಾರಿಗಳು ನಮ್ಮ ದಾರಿಗಳಲ್ಲಿ ಇಲ್ಲ.